ಹದಿನಾಲ್ಕನೆಯ ದನಿ

"ಉರಿ ತಗ್ಗಿಸೇ, ಸೀದು ಕರಕಲಾಗ್ತಿದೆ!"

ನೆರೆಮನೆಯ ಕಾಲಿಪಾ ಕೂಗಿದ್ದು ಬುರುಲ್‌ಗೆ ಕೇಳಿಸಲಿಲ್ಲ. ಅವಳು ಮತ್ತೊಂದು ಬೊಗಸೆ ಹಿಟ್ಟಿನ ತುಂಡುಗಳನ್ನು ಕಾದ ಎಣ್ಣೆಗೆ ಸುರಿದುಬಿಟ್ಟಳು. ಎಣ್ಣೆ ಚಿಮ್ಮಿ ಮುಂಗೈ ಮೇಲೆ ಬಿತ್ತು. ಬುರುಲ್ ಕೈಯನ್ನು ಒಮ್ಮೆ ಲಂಗದ ಅಂಚಿಗೆ ಒರೆಸಿಕೊಂಡಳು, ಅಷ್ಟೆ.

"ಇತ್ತ ಕೊಡು ಆ ಜಾಲರಿ ಸೌಟು. ಶಾಲೇಲಿ ಪಾಠ ಹೇಳೋಳ ಕೈಗೆ ಬಾಣಲೆ ಕೊಟ್ಟವರಿಗೆ ಬುದ್ಧಿ ಇಲ್ಲ." ಕಾಲಿಪಾ ಸೌಟು ಕಿತ್ತುಕೊಂಡು ಕೆಂಪಾದ ಬೋರ್ಸೋಕುಗಳನ್ನು ಬಾಚಿ ಹಾಸಿದ ಬಟ್ಟೆಯ ಮೇಲೆ ಹಾಕಿದಳು. ಬೆಳಿಗ್ಗೆಯಿಂದ ಅದು ಮೂರನೆಯ ರಾಶಿ. ಪಕ್ಕದ ದೊಡ್ಡ ಹಂಡೆಯಲ್ಲಿ ಸಾವಿನ ಊಟಕ್ಕೆಂದು ನಸುಕಿನಲ್ಲಿ ಕಡಿದ ಕುದುರೆಯ ಮಾಂಸ ಬೇಯುತ್ತಿತ್ತು.

ಅಂಗಳದಲ್ಲಿ ಬೂದು ಕಂಬಳಿಯ ಗುಡಾರ ನಿಂತಿತ್ತು. ಅದರೊಳಗೆ ಎಡಗಡೆ, ಪರದೆಯ ಹಿಂದೆ, ಶಾರ್ಶೆನ್ ಮಲಗಿದ್ದ. ಶಾಲೆಯನ್ನು ಬೆಚ್ಚಗಿಡುವ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಅವನದಾಗಿತ್ತು. ಮೊನ್ನೆ ಬೆಳಿಗ್ಗೆ ಶಾಲೆಯ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲ ರಾಶಿಗೆ ಒರಗಿ ಕೂತವನು ಹಾಗೇ ಹೋಗಿಬಿಟ್ಟಿದ್ದ. ಆವತ್ತು ತರಗತಿಗಳು ತಣ್ಣಗಾದ ಮೇಲೆಯೇ ಜನಕ್ಕೆ ಗೊತ್ತಾದದ್ದು. ಅರವತ್ತಮೂರು ವರ್ಷದ ಬಾಳು ಅದು, ತಣ್ಣಗಾದಾಗಲೇ ಜನರ ಗಮನಕ್ಕೆ ಬರುವಂಥದ್ದು.

ಗೇಟಿನ ಕಡೆಯಿಂದ ಮತ್ತೊಂದು ಗುಂಪು ಓಡಿ ಬಂತು. "ಅಯ್ಯೋ ನನ್ನಣ್ಣಾ! ಅಯ್ಯೋ ನನ್ನಣ್ಣಾ!" ರೂಢಿಯಂತೆ ಸೊಂಟಕ್ಕೆ ಬಟ್ಟೆ ಬಿಗಿದು ಕೋಲೂರಿ ನಿಂತಿದ್ದ ಮನೆಯ ಗಂಡಸರು ಅಷ್ಟೇ ಜೋರಾಗಿ ಉತ್ತರವಾಗಿ ಅತ್ತರು. ಅದಕ್ಕೆ ಗುಡಾರದೊಳಗಿನ ಹೆಂಗಸರ ಶೋಕದ ಹಾಡು ಎದ್ದಿತು. ಅಪ್ಪಿಕೊಂಡು ಅತ್ತವರು ಕಣ್ಣೊರೆಸಿಕೊಂಡು, ಕೈ ತೊಳೆದು, ಟೀಗೆ ಕೂತರು.

"ಮಾಂಬೆತ್ ಬರ್ತಾನೆ ಅಂತೀಯಾ?" ಕಾಲಿಪಾ ದನಿ ತಗ್ಗಿಸಿ ಕೇಳಿದಳು.

"ಬರದೆ ಎಲ್ಲಿ ಹೋಗ್ತಾನೆ? ಒಂದೇ ಬೀದಿ."

"ಬರೋದು ಬೇರೆ, ಬಾಯಿ ಬಿಡೋದು ಬೇರೆ ಕಣೇ. ಅಂಗಡಿ ಮುಂದೆ ನಿಂತು ಅವನು ಏನಂದಿದ್ದ ಮರೆತ್ಯಾ? ಶಾರ್ಶೆನ್ ಸತ್ತ ದಿನ ಮುಲ್ಲಾ ಕೇಳ್ಲಿ, ಒಳ್ಳೆಯವನಾಗಿದ್ದ ಅಂತ ನನ್ನ ಬಾಯಲ್ಲಿ ಬರಲ್ಲ, ಕೆಟ್ಟವನು ಅಂತಾನೇ ಹೇಳ್ತೀನಿ ಅಂತ. ಇಡೀ ಊರಿಗೆ ಕೇಳ್ಸೋ ಹಾಗೆ."

ಬುರುಲ್ ಹಿಟ್ಟು ಕತ್ತರಿಸತೊಡಗಿದಳು.

ಹೆಣವನ್ನು ಗೋರಿಗೆ ಒಯ್ಯುವ ಮುಂಚೆ ನೆರೆದವರನ್ನು ಮುಲ್ಲಾ ಮೂರು ಸಲ ಕೇಳುತ್ತಾನೆ, ಇವನು ಎಂಥ ಮನುಷ್ಯನಾಗಿದ್ದ ಎಂದು. ಒಳ್ಳೆಯವನಾಗಿದ್ದ ಎಂದು ಜನ ಮೂರು ಸಲ ಹೇಳುತ್ತಾರೆ. ದೇವರ ಎದುರಿಗೆ ಊರು ಕೊಡುವ ಸಾಕ್ಷಿ ಅದು. ಆ ಊರಿನಲ್ಲಿ ಕುದುರೆ ಕದ್ದವನಿಗೂ, ಹೆಂಡತಿಯನ್ನು ಹೊಡೆದು ಕೈ ಮುರಿದವನಿಗೂ ಆ ಸಾಕ್ಷಿ ಸಿಕ್ಕಿತ್ತು. ಇಲ್ಲ ಎಂದವರು ಒಬ್ಬರೂ ಇರಲಿಲ್ಲ. ಮೊದಲ 'ಇಲ್ಲ' ಇವತ್ತು ಶಾರ್ಶೆನ್‌ನ ಪಾಲಿಗೆ ಬರುವುದರಲ್ಲಿತ್ತು. ಆ 'ಇಲ್ಲ' ನ್ಯಾಯವಾಗಿ ಸೇರಬೇಕಾದ್ದು ಅವನಿಗಲ್ಲ, ತನಗೆ. ಅದನ್ನು ಬಲ್ಲವರು ಇಬ್ಬರೇ, ಅವರಲ್ಲಿ ಒಬ್ಬ ಪರದೆಯ ಹಿಂದೆ ಮಲಗಿದ್ದಾನೆ ಎಂದು ಬುರುಲ್ ನಂಬಿದ್ದಳು.

*

ಸ್ಕೌಟ್ ದಳ ಶುರು ಮಾಡಿದವಳು ಬುರುಲ್. ಭೂಗೋಳ ಕಲಿಸುವ ಟೀಚರು, ಗಟ್ಟಿ ಗಂಟಲು, ಯಾರ ಮಾತನ್ನೂ ಸುಲಭಕ್ಕೆ ಒಪ್ಪದ ಹೆಂಗಸು. ನಾರಿನ್ ಪಟ್ಟಣಕ್ಕೆ ಹತ್ತು ಸಲ ಹೋಗಿ ಅಧಿಕಾರಿಗಳ ತಲೆ ತಿಂದು ಅನುಮತಿ ತಂದಿದ್ದಳು. ನಾಯಕಿ ತಾನೇ. ಸಹಾಯಕ ನಾಯಕನೊಬ್ಬ ಬೇಕೇ ಬೇಕು ಎಂದು ನಿಯಮವಿತ್ತು. ಸಂಬಳವಿಲ್ಲದ ಕೆಲಸಕ್ಕೆ ಯಾರೂ ಬರಲಿಲ್ಲ. ಕೊನೆಗೆ ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಶಾರ್ಶೆನಣ್ಣ, ಮಕ್ಕಳ ಜೊತೆ ಬೆಟ್ಟಕ್ಕೆ ಬರ್ತೀಯಾ?"

"ನಾನು ಇಪ್ಪತ್ತು ವರ್ಷ ಕುರಿ ಕಾಯ್ದೋನು. ಓದಿದೋನಲ್ಲ."

"ಅದಕ್ಕೇ ಕೇಳ್ತಿರೋದು."

ಪಟ್ಟಣದಲ್ಲಿ ನಾಲ್ಕು ದಿನದ ತರಬೇತಿ ಇತ್ತು, ಕೊನೆಗೊಂದು ಪರೀಕ್ಷೆ. ಅದಕ್ಕೆ ಹೋದವನು ಮೂರನೆಯ ದಿನವೇ ವಾಪಸು ಬಂದ.

"ಏನಾಯ್ತು?"

"ಗಂಟಿನ ಚಿತ್ರ ಬರಿ ಅಂದ್ರು. ಹಗ್ಗ ಕೊಡಿ, ಹಾಕಿ ತೋರಿಸ್ತೀನಿ ಅಂದೆ. ಹಗ್ಗ ಇಲ್ಲ, ಪೆನ್ಸಿಲ್ ಇದೆ ಅಂದ್ರು. ಎದ್ದು ಬಂದೆ."

ಬುರುಲ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಸರ್ಟಿಫಿಕೇಟು ಕೊನೆಗೂ ಬರಲಿಲ್ಲ. ಹತ್ತು ವರ್ಷ ಅವನ ಹೆಸರಿನ ಮುಂದೆ 'ತಾತ್ಕಾಲಿಕ' ಎಂದೇ ಬರೆದುಕೊಂಡು ಬಂದಳು. ಅವನೋ, ಹರಿದ ಡೇರೆಗಳನ್ನು ಹೊಲಿದ. ಹಿಟ್ಟು ಬೇಳೆ ಹೊತ್ತ. ಮಕ್ಕಳೆಲ್ಲ ಉಂಡ ಮೇಲೆ ಪಾತ್ರೆಯ ತಳ ಕೆರೆದು ತಿಂದ. ನಡಿಗೆಯಲ್ಲಿ ಯಾವಾಗಲೂ ಕೊನೆಯವನು. ಚಪ್ಪಲಿ ಕಿತ್ತವರು, ಹೊಟ್ಟೆ ನೋವಿನವರು, ಅಮ್ಮನ ನೆನಪಾಗಿ ಅಳುವವರು ಎಲ್ಲ ಹಿಂದೆ ಹಿಂದೆ ಉಳಿದು ಅವನ ಪಾಲಿಗೆ ಬರುತ್ತಿದ್ದರು.

ಒಂದೇ ಒಂದು ವಿಷಯಕ್ಕೆ ಇಬ್ಬರಿಗೂ ಜಗಳ. ಅವನು ಮಕ್ಕಳನ್ನು ಎಣಿಸುತ್ತಿರಲಿಲ್ಲ.

"ಎಣಿಸೋದು ಕುರೀನ. ಮಕ್ಕಳನ್ನ ಎಣಿಸಿದ್ರೆ ಕಣ್ಣು ಬೀಳುತ್ತೆ" ಎನ್ನುತ್ತಿದ್ದ. ಸಾಲಿನ ಮುಂದೆ ನಡೆಯುತ್ತ ಒಂದೊಂದು ಮುಖ ನೋಡಿ, ಒಂದೊಂದು ಹೆಸರು ಕರೆದು, ಕೆಲವರ ತಲೆ ಮುಟ್ಟಿ, ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದ.

"ಇದು ಸ್ಕೌಟ್ ದಳ, ನಿನ್ನ ಅಜ್ಜಿಯ ಮನೆಯಲ್ಲ!" ಎಂದು ಬುರುಲ್ ರೇಗುತ್ತಿದ್ದಳು. ಅವಳ ಪದ್ಧತಿ ಬೇರೆ. ಪ್ರತಿ ಮಗುವಿಗೂ ಒಂದು ಸಂಖ್ಯೆ. ಸೀಟಿ ಊದಿದರೆ ಒಂದರಿಂದ ಕೊನೆಯ ತನಕ ಅವರವರೇ ಕೂಗಬೇಕು. ಅರ್ಧ ನಿಮಿಷದ ಕೆಲಸ.

*

ಮಾಂಬೆತ್ ಬಂದಾಗ ಹೊತ್ತು ನೆತ್ತಿಗೆ ಏರುತ್ತಿತ್ತು. ಅವನು ಓಡಿ ಬರಲಿಲ್ಲ. ಅಳಲಿಲ್ಲ. ಗೇಟಿನ ಹೊರಗೆ ಕುದುರೆ ಕಟ್ಟಿ, ಸಂತೆಗೆ ಬಂದವನ ಹಾಗೆ ನಡೆದು ಬಂದ. ಕೋಲೂರಿ ನಿಂತವರು ಅಳಲು ಬಾಯಿ ತೆರೆದವರು ಹಾಗೇ ನಿಂತರು. ಅವನ ಹಿಂದೆ ಅವನ ಮಗ ಎರ್ಮೆಕ್. ಪಟ್ಟಣದಲ್ಲಿ ಟೈರ್ ಅಂಗಡಿಯಲ್ಲಿ ಕೆಲಸಕ್ಕಿರುವ ಹತ್ತೊಂಬತ್ತರ ಹುಡುಗ, ರಾತ್ರಿ ಬಸ್ಸಿಗೆ ಬಂದಿದ್ದ. ಅವನ ಕಣ್ಣು ಮಾತ್ರ ಊದಿಕೊಂಡಿತ್ತು.

ಊರ ಹಿರಿಯರಿಬ್ಬರು ಮಾಂಬೆತ್‌ನನ್ನು ಪಕ್ಕಕ್ಕೆ ಕರೆದರು. ಬುರುಲ್ ಟೀ ತಟ್ಟೆ ಹಿಡಿದು ಅತ್ತಲೇ ಹೋದಳು.

"ಸತ್ತೋನ ಮೇಲೆ ಏನು ಹಗೆ ಕಣಪ್ಪಾ? ಮೂರು ಮಾತು. ಹೇಳಿ ಮುಗಿಸು."

"ಬಂದಿದೀನಲ್ಲ, ಅಷ್ಟು ಸಾಕು."

"ಕೆಟ್ಟ ಮಾತೊಂದು ಆಡಬೇಡ ಮಾರಾಯ. ಸುಮ್ಮನೆ ನಿಂತ್ಕೊ, ಅಷ್ಟೇ."

"ಕೇಳೋದು ಮುಲ್ಲಾ. ಕೇಳಿದ್ದಕ್ಕೆ ಉತ್ತರ ಹೇಳೋದು ತಪ್ಪಾ? ಹನ್ನೊಂದು ವರ್ಷದ ಮಗೂನ ಹಿಮದಲ್ಲಿ ಬಿಟ್ಟು ಬಂದೋನು. ನಿಮ್ಮ ಮೊಮ್ಮಗನಾಗಿದ್ರೆ ಒಳ್ಳೆಯವನು ಅಂತಿದ್ರಾ? ಹೇಳಿ ನೋಡೋಣ."

ಬುರುಲ್ ತಟ್ಟೆ ಚಾಚಿದಳು. ಮಾಂಬೆತ್‌ನ ಮುಖ ಮೃದುವಾಯಿತು. ಎರಡು ಕೈಯಲ್ಲಿ ಬಟ್ಟಲು ತೆಗೆದುಕೊಂಡ.

"ಬುರುಲಕ್ಕ, ನಿಮ್ಮ ಮುಖ ನೋಡ್ಕೊಂಡು ಬಂದೆ. ಆವತ್ತು ನೀವು ಓಡಿ ಬಂದು ಊರು ಎಬ್ಬಿಸದೇ ಇದ್ದಿದ್ರೆ ನನ್ನ ಮಗ ಇವತ್ತು ಇರ್ತಿರ್ಲಿಲ್ಲ. ಅದನ್ನ ನಾನು ಮರೆಯೋನಲ್ಲ."

ಈಗಲೇ ಹೇಳಿಬಿಡಬೇಕು ಎಂದುಕೊಂಡಳು ಬುರುಲ್.

"ಸಕ್ಕರೆ ಬೇಕಾ?" ಎಂದಳು.

*

ಎಂಟು ವರ್ಷದ ಹಿಂದೆ, ಆಗಸ್ಟ್ ತಿಂಗಳ ಕೊನೆ. ಮೇಲಿನ ಹುಲ್ಲುಗಾವಲಿನಲ್ಲಿ ಮೂರು ದಿನದ ಶಿಬಿರ ಮುಗಿಸಿ ಇಳಿಯುವ ದಿನ. ಬೆಳಿಗ್ಗೆ ಬಿಸಿಲಿತ್ತು. ಹನ್ನೊಂದು ಗಂಟೆಗೆ ಕಣಿವೆಯ ಬಾಯಿಂದ ಕಪ್ಪು ಮೋಡ ನುಗ್ಗಿತು. ಗಾಳಿಗೆ ಮಕ್ಕಳೆಲ್ಲ ಟೋಪಿಯನ್ನು ಹುಬ್ಬಿನ ತನಕ ಎಳೆದು, ಸ್ಕಾರ್ಫನ್ನು ಮೂಗಿನ ತನಕ ಸುತ್ತಿಕೊಂಡರು. ಬುರುಲ್ ಸೀಟಿ ಊದಿದಳು.

ಒಂದು, ಎರಡು, ಮೂರು. ಹದಿಮೂರು, ಹದಿನಾಲ್ಕು, ಹದಿನೈದು. ಇಪ್ಪತ್ತೆರಡು. ಸರಿಯಾಗಿತ್ತು.

ಹಿಂದಿನಿಂದ ಶಾರ್ಶೆನ್ ಬಂದ. ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ.

"ಎರ್ಮೆಕ್ ಕಾಣ್ತಿಲ್ಲ."

"ಇಪ್ಪತ್ತೆರಡು ಇದೆ. ಎರಡು ಸಲ ಕೂಗಿಸಿದೆ."

"ಲೆಕ್ಕ ಇರಬಹುದು ಬುರುಲ್. ಹುಡುಗ ಇಲ್ಲ. ಎಲ್ಲರ ಸ್ಕಾರ್ಫ್ ಇಳಿಸು, ಮುಖ ನೋಡೋಣ."

"ಹಿಮ ಬೀಳೋದ್ರೊಳಗೆ ಹೊಳೆ ದಾಟ್ಬೇಕು. ನಿನ್ನ ಹೆಸರು ಕರೆಯೋ ಪೂಜೆಗೆ ಈಗ ಹೊತ್ತಿಲ್ಲ."

"ಐದು ನಿಮಿಷ..."

"ಶಾರ್ಶೆನಣ್ಣ, ನಾಯಕಿ ನಾನು. ನೀನು ಸಹಾಯಕ. ಬಾಯಿ ಮುಚ್ಕೊಂಡು ಹಿಂದೆ ನಡಿ."

ಮಕ್ಕಳೆದುರು ಹೇಳಿದ ಮಾತು ಅದು. ಗಾಳಿಯ ಸದ್ದಿನಲ್ಲಿ ಎಷ್ಟು ಮಕ್ಕಳಿಗೆ ಕೇಳಿಸಿತೋ ಇಲ್ಲವೋ. ಶಾರ್ಶೆನ್ ಬಾಯಿ ಮುಚ್ಚಿಕೊಂಡು ಹಿಂದೆ ನಡೆದ.

ಅರ್ಧ ಗಂಟೆಯ ಮೇಲೆ, ಹೊಳೆಯ ದಂಡೆಯಲ್ಲಿ, ಅವನು ಅವಳನ್ನು ಕೇಳದೆ ಒಂದೊಂದೇ ಹೆಸರು ಕರೆಯಲು ನಿಂತ. ಹದಿನಾಲ್ಕನೆಯ ಸ್ಕಾರ್ಫನ್ನು ಇಳಿಸಿದರೆ ಒಳಗೆ ಬೇರೆಯೇ ಮುಖ. ಹುಲ್ಲುಗಾವಲಿನ ಕುರುಬರ ಹುಡುಗ. ಅವನಿಗೆ ಕೆಳಗೆ ಕಾಯುತ್ತಿದ್ದ ಬಸ್ಸು ನೋಡುವ ಆಸೆ, ಎರ್ಮೆಕ್‌ಗೆ ಅವನ ಕುದುರೆ ಹತ್ತುವ ಆಸೆ. ಸ್ಕಾರ್ಫ್ ಬದಲಾಯಿಸಿಕೊಂಡಿದ್ದರು. ಬೆಟ್ಟದ ಆಚೆ ಸುತ್ತಿ ಬಸ್ಸಿನ ಹತ್ತಿರ ಬರ್ತೀನಿ, ಅಲ್ಲಿ ತನಕ ಸೀಟಿ ಊದಿದಾಗ ಹದಿಮೂರರ ಮೇಲೆ ನೀನು ಹದಿನಾಲ್ಕು ಅನ್ನು, ಎಂದು ಎರ್ಮೆಕ್ ಹೇಳಿಕೊಟ್ಟಿದ್ದ. ಕುರುಬರ ಹುಡುಗ ಪಾಪ ಒಂದು ಸಲವೂ ತಪ್ಪಿಲ್ಲದೆ ಕೂಗಿದ್ದ.

ಅಷ್ಟರಲ್ಲಿ ಹಿಮ ಬೀಳಲು ಶುರುವಾಗಿತ್ತು.

ಶಾರ್ಶೆನ್ ತಿರುಗಿ ಬೆಟ್ಟ ಹತ್ತಿದ. ಬುರುಲ್ ಮಕ್ಕಳನ್ನು ಇಳಿಸಿಕೊಂಡು ಬಂದು ಊರಿಗೆ ಊರನ್ನೇ ಎಬ್ಬಿಸಿದಳು. ಮರುದಿನ ಬೆಳಿಗ್ಗೆ ಗಂಡಸರು ಹೋಗಿ ನೋಡಿದಾಗ ಎರ್ಮೆಕ್ ಹತ್ತಿದ್ದ ಕುದುರೆ ಒಂಟಿಯಾಗಿ ಕುರುಬರ ಬೀಡಿಗೆ ಹಿಂದಿರುಗಿತ್ತು. ಒಂದು ಬಂಡೆಯ ಬುಡದಲ್ಲಿ ಶಾರ್ಶೆನ್ ಹುಡುಗನ ಕಾಲುಗಳನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದ. ಜೀವ ಉಳಿಯಿತು. ಬಲಗಾಲಿನ ಬೆರಳುಗಳು ಉಳಿಯಲಿಲ್ಲ.

ವಿಚಾರಣೆಗೆ ಪಟ್ಟಣದಿಂದ ಮೂವರು ಬಂದರು. ತಪ್ಪು ನಾಯಕಿಯದಾದರೆ ದಳ ಮುಚ್ಚಬೇಕು, ಸಹಾಯಕನದಾದರೆ ಅವನನ್ನು ತೆಗೆದರಾಯಿತು. ಬುರುಲ್ ಬಾಯಿ ತೆರೆಯುವ ಮೊದಲೇ ಶಾರ್ಶೆನ್ ಎದ್ದು ನಿಂತ.

"ಕೊನೆಯಲ್ಲಿ ನಡೆಯೋನು ನಾನು. ಹಿಂದೆ ಬಿದ್ದದ್ದೆಲ್ಲ ನನ್ನ ಲೆಕ್ಕಕ್ಕೆ."

ಬರೆದುಕೊಂಡರು. ಬುರುಲ್ ಬಾಯಿ ತೆರೆಯಲಿಲ್ಲ. ಹೊರಗೆ ಬಂದ ಮೇಲೆ ಅವಳು "ಯಾಕಣ್ಣಾ?" ಎಂದಳು.

"ನಾನು ಹೋದ್ರೆ ದಳ ಇರುತ್ತೆ. ನೀನು ಹೋದ್ರೆ ದಳ ಹೋಗುತ್ತೆ. ಇದೇನು ದೊಡ್ಡ ಗಣಿತವಾ?" ಎಂದು ನಕ್ಕಿದ್ದ. ಆಮೇಲೆ ನಗು ನಿಲ್ಲಿಸಿ, "ಅರ್ಧ ಗಂಟೆ ನಾನೂ ನಿನ್ನ ಮಾತು ಕೇಳ್ಕೊಂಡು ನಡೆದೆನಲ್ಲ. ಅದು ನನ್ನದೇ" ಎಂದ.

ಸ್ವಲ್ಪ ದಿನ ಕಳೆಯಲಿ, ಹೇಳುತ್ತೇನೆ ಎಂದುಕೊಂಡಳು ಬುರುಲ್. ಸ್ವಲ್ಪ ದಿನ ಎಂಟು ವರ್ಷವಾಯಿತು. ಊರಿನ ಹುಡುಗರು ಅವನನ್ನು 'ಮಗು ಬಿಟ್ಟು ಬಂದೋನು' ಎಂದು ಕರೆದರು. ತಿರುಗಿ ಹೋಗಿ ಉಳಿಸಿದ್ದನ್ನು ಯಾರೂ ಎತ್ತಲಿಲ್ಲ. ಅವನು ಎದುರಿಗೆ ಬಂದರೆ ಮಾಂಬೆತ್ ರಸ್ತೆ ದಾಟುತ್ತಿದ್ದ. ಮಕ್ಕಳ ಜೊತೆ ಬೆಟ್ಟಕ್ಕೆ ಹೋಗಬಾರದು ಎಂದು ಆಜ್ಞೆಯಾಗಿತ್ತು, ಅದಕ್ಕೆ ಶಾರ್ಶೆನ್ ಬೆಟ್ಟದ ದಾರಿ ಶುರುವಾಗುವ ಸೇತುವೆಯ ತನಕ ಹಿಟ್ಟಿನ ಮೂಟೆ ಹೊತ್ತು ಬಂದು, ಅಲ್ಲಿ ನಿಂತು, ಒಂದೊಂದು ಮುಖ ನೋಡಿ ಹೆಸರು ಕರೆದು, ವಾಪಸು ಹೋಗುತ್ತಿದ್ದ. ಅವರು ಇಳಿದು ಬರುವ ದಿನ ಮತ್ತೆ ಸೇತುವೆಯ ಮೇಲಿರುತ್ತಿದ್ದ. ಬುರುಲ್ ಅವನನ್ನು ಒಂದು ಸಲವೂ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

*

"ಬುರುಲ್, ಒಳಗೆ ಬಾರೇ. ಹೆಣ ತೆಗೆಯೋ ಹೊತ್ತಾಯ್ತು. ಹದಿನೆಂಟು ವರ್ಷ ಜೊತೆಗಿದ್ದೋಳು, ನೀನೂ ನಾಲ್ಕು ಸಾಲು ಹಾಡ್ಬೇಕು."

ಕಾಲಿಪಾ ಅವಳ ತೋಳು ಹಿಡಿದು ಗುಡಾರದೊಳಗೆ ತಳ್ಳಿದಳು. ಹೆಂಗಸರು ಸಾಲಾಗಿ ಬಾಗಿಲಿಗೆ ಬೆನ್ನು ಮಾಡಿ, ಗುಡಾರದ ಮರದ ಜಾಲರಿಗೆ ಮುಖ ಮಾಡಿ ಕೂತಿದ್ದರು. ನಡುವೆ ಶಾರ್ಶೆನ್‌ನ ಹೆಂಡತಿ ಸೈರಾ, ಕಪ್ಪು ಬಟ್ಟೆ, ಬಿಚ್ಚಿದ ಕೂದಲು. ಅವಳು ಬೆಳಿಗ್ಗೆಯಿಂದ ಹಾಡಿ ಹಾಡಿ ಗಂಟಲು ಒಡೆದುಕೊಂಡಿದ್ದಳು. ಈಗ ಸುಮ್ಮನೆ ತೂಗುತ್ತಿದ್ದಳು. ಬುರುಲ್ ಅವಳ ಪಕ್ಕ ಕೂತಳು. ಕಂಬಳಿಯ ಆಚೆ ಕೈಯಳತೆಯಲ್ಲಿ ಗಂಡಸರ ಬೂಟಿನ ಸದ್ದು, ಕೆಮ್ಮು, ಮುಲ್ಲಾನ ದನಿ ಎಲ್ಲ ಕೇಳುತ್ತಿತ್ತು. ಒಳಗಿನ ಹಾಡೂ ಅವರಿಗೆ ಹಾಗೇ ಕೇಳುತ್ತದೆ. ಹೆಂಗಸರಿಗೆ ಗೋರಿಯ ಹತ್ತಿರ ಹೋಗುವ ಹಾಗಿಲ್ಲ, ನಮಾಜಿನಲ್ಲಿ ನಿಲ್ಲುವ ಹಾಗಿಲ್ಲ. ಸಾವಿನ ಮನೆಯಲ್ಲಿ ಅವರಿಗಿರುವುದು ಈ ಹಾಡು ಒಂದೇ. ಹಾಡಿನಲ್ಲಿ ಅತ್ತೆಯ ಕಾಟ ಹೇಳಿಕೊಂಡವರಿದ್ದಾರೆ, ಗಂಡನ ಸೂಳೆಯ ಹೆಸರು ಹೇಳಿದವರಿದ್ದಾರೆ. ಅದನ್ನು ತಡೆಯುವ ಹಕ್ಕು ಯಾವ ಗಂಡಸಿಗೂ ಇಲ್ಲ.

ಬುರುಲ್ ದನಿ ತೆಗೆದಳು.

"ಹಿಂದೆ ಹಿಂದೆ ನಡೆದವನೇ, ನನ್ನಣ್ಣಾ,
ಮುಂದಿನವರ ಧೂಳು ಕುಡಿದವನೇ.
ಉಂಡೆಯಾ ಅಂತ ಎಲ್ಲರ ಕೇಳಿ, ನನ್ನಣ್ಣಾ,
ಉಣ್ಣದೆ ಮಲಗಿದವನೇ..."

ಹೆಂಗಸರು ಬಿಕ್ಕಿದರು. ಯಾರೋ "ಅಯ್ಯೋ, ಎಂಥ ಮಾತು" ಎಂದರು. ಬುರುಲ್‌ಗೆ ತನ್ನ ದನಿ ಕೇಳಿ ತನಗೇ ಹೇಸಿಗೆಯಾಯಿತು. ಚೆಂದದ ಹಾಡು. ಇನ್ನು ಹತ್ತು ಸಾಲು ಹೀಗೇ ಹಾಡಿದರೆ ಎಲ್ಲರೂ ಮೂಗು ಒರೆಸಿಕೊಂಡು ಬುರುಲ್ ಎಂಥ ಹೆಂಗಸು ಎನ್ನುತ್ತಾರೆ. ಹೊರಗೆ ಮಾಂಬೆತ್ ಕೇಳಿಸಿಕೊಂಡು, ಬುರುಲಕ್ಕನದು ದೊಡ್ಡ ಮನಸ್ಸು ಎಂದುಕೊಳ್ಳುತ್ತಾನೆ. ಆಮೇಲೆ ಕೆಟ್ಟವನು ಎನ್ನುತ್ತಾನೆ. ಆಮೇಲೆ ಮಣ್ಣು ಬೀಳುತ್ತದೆ.

ಅವಳ ಕೈ ಜಾಲರಿಯ ಕಡ್ಡಿಯನ್ನು ಹಿಡಿದುಕೊಂಡಿತು. ಮುಂದಿನ ಸಾಲು ತೀರ ಸಣ್ಣ ದನಿಯಲ್ಲಿ ಬಂತು.

"ಇಪ್ಪತ್ತೆರಡು ಅಂತ ಎಣಿಸಿದೆ, ನನ್ನಣ್ಣಾ,
ಮುಖ ನೋಡದೆ ದನಿ ಎಣಿಸಿದೆ.
ಎರ್ಮೆಕ್ ಇಲ್ಲ ಅಂದೆಯಲ್ಲ, ನನ್ನಣ್ಣಾ,
ಬಾಯಿ ಮುಚ್ಚು ಅಂದವಳು ನಾನು..."

ಪಕ್ಕದಲ್ಲಿ ತೂಗುತ್ತಿದ್ದ ಸೈರಾ ತೂಗುವುದನ್ನು ನಿಲ್ಲಿಸಿದಳು. ಮುಖ ತಿರುಗಿಸಲಿಲ್ಲ. ಒಡೆದ ಗಂಟಲಿನಲ್ಲಿ ಹೇಳಿದಳು.

"ಜೋರಾಗಿ ಹೇಳು. ಹೊರಗೆ ಕೇಳಿಸ್ಲಿಲ್ಲ."

ಬುರುಲ್ ಅವಳ ಕಡೆ ತಿರುಗಿದಳು. ಇವಳಿಗೆ ಗೊತ್ತಿತ್ತು. ಎಂಟು ವರ್ಷ ಅಂಗಡಿಯಲ್ಲಿ, ಶಾಲೆಯ ಬಾಗಿಲಲ್ಲಿ, ಹಬ್ಬದ ದಿನ ಕೈ ಹಿಡಿದು ಶುಭ ಹೇಳುವಾಗ, ಇವಳಿಗೆ ಗೊತ್ತಿತ್ತು.

"ಹೇಳು. ಅವನನ್ನ ಎತ್ತಿಬಿಡ್ತಾರೆ."

ಬುರುಲ್ ಎದ್ದು ನಿಂತಳು. ಹಾಡು ಕಡಿದುಹೋಯಿತು. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಕೂಗಿದ ಗಂಟಲು ಅದು.

"ಲೆಕ್ಕ ತಪ್ಪಿದ್ದು ನಾನು! ಹುಡುಗ ಇಲ್ಲ, ಮುಖ ನೋಡು ಅಂತ ಶಾರ್ಶೆನಣ್ಣ ಹೇಳಿದ. ನಾನೇ ಬಾಯಿ ಮುಚ್ಚಿಸಿದೆ. ನಾನೇ ನಡೆಸಿಕೊಂಡು ಬಂದೆ. ಮಾಂಬೆತ್, ಕೇಳಿಸ್ತಾ? ನಿನ್ನ ಮಗನ್ನ ಬಿಟ್ಟು ಬಂದೋಳು ನಾನು. ಶಾರ್ಶೆನಣ್ಣ ಅವನಿಗಾಗಿ ತಿರುಗಿ ಹೋದೋನು!"

ಹೊರಗೆ ಬೂಟಿನ ಸದ್ದು ನಿಂತಿತು. ಕಾಲಿಪಾ ಬಾಯಿಗೆ ಕೈ ಇಟ್ಟುಕೊಂಡು ಬುರುಲ್‌ಳ ಪಕ್ಕದಿಂದ ಒಂದು ಮೊಳ ಹಿಂದೆ ಸರಿದಳು. ಬೇರೆಯವರೂ ಸರಿದರು.

ಸೈರಾ ಮಾತ್ರ ಕೂತಲ್ಲೇ ಇದ್ದಳು.

"ಅತ್ತಿಗೆ..." ಬುರುಲ್ ಕೆಳಗೆ ಕುಸಿದು ಅವಳ ಕೈ ಹಿಡಿಯಲು ಹೋದಳು.

ಸೈರಾ ಕೈ ಹಿಂದಕ್ಕೆ ತೆಗೆದುಕೊಂಡಳು. "ನನ್ನ ಹತ್ರ ಏನೂ ಹೇಳ್ಬೇಡ. ಹೇಳ್ಬೇಡ ಅಂತ ಅವನು ಆಣೆ ಹಾಕಿಸಿದ್ದ, ಅದಕ್ಕೆ ಸುಮ್ಮನಿದ್ದೆ. ಪ್ರತಿ ಸಲ ಅವನು ಸೇತುವೆ ತನಕ ಮೂಟೆ ಹೊತ್ತು ಹೋಗಿ ಬಂದಾಗ, ಬುರುಲ್ ಇವತ್ತು ಏನಾದ್ರೂ ಅಂದ್ಲಾ ಅಂತ ನಾನು ಕೇಳ್ತಿದ್ದೆ. ಕೆಲಸ ಇತ್ತು ಪಾಪ, ಮರೆತಿರ್ತಾಳೆ ಅಂತಿದ್ದ." ಅವಳು ಉಸಿರು ಎಳೆದುಕೊಂಡಳು. "ಅವನ ಕಿವಿ ಇದ್ದಾಗ ಹೇಳ್ಬೇಕಿತ್ತು ಕಣೇ."

ಗಂಡಸರು ಒಳಗೆ ಬಂದರು. ಯಾರೂ ಬುರುಲ್‌ಳ ಕಡೆ ನೋಡಲಿಲ್ಲ. ಪರದೆ ಸರಿಸಿ ಶಾರ್ಶೆನ್‌ನನ್ನು ಎತ್ತಿಕೊಂಡು ಹೋದರು. ಹೆಂಗಸರೆಲ್ಲ ಒಂದೇ ಸಲ ಅತ್ತರು.

*

ನಮಾಜು ಮುಗಿಯುವ ತನಕ ಹೆಂಗಸರು ಗುಡಾರದ ಬಾಗಿಲಲ್ಲಿ ಒತ್ತೊತ್ತಾಗಿ ನಿಂತಿದ್ದರು. ಬುರುಲ್‌ಳ ಸುತ್ತ ಮಾತ್ರ ಒಂದು ಮಾರು ಜಾಗ ಖಾಲಿ ಇತ್ತು. ಅಂಗಳದಾಚೆ ಸ್ಕೌಟ್ ಮಕ್ಕಳು ಸ್ಕಾರ್ಫ್ ಕಟ್ಟಿಕೊಂಡು ಬೇಲಿಯ ಪಕ್ಕ ನಿಂತಿದ್ದರು. ಒಬ್ಬ ತಾಯಿ ಹೋಗಿ ತನ್ನ ಮಗಳ ಸ್ಕಾರ್ಫ್ ಬಿಚ್ಚಿ ಮಡಿಸಿ ಕಂಕುಳಿಗೆ ಸೇರಿಸಿಕೊಂಡಳು. ಅದನ್ನು ನೋಡಿ ಇನ್ನೊಬ್ಬಳು ಹೋದಳು. ಬುರುಲ್ ನೋಡುತ್ತ ನಿಂತಳು.

ಮುಲ್ಲಾ ಜನರ ಕಡೆ ತಿರುಗಿದ.

"ಜನರೇ, ಈ ಶಾರ್ಶೆನ್ ಎಂಥ ಮನುಷ್ಯನಾಗಿದ್ದ?"

"ಒಳ್ಳೆಯವನಾಗಿದ್ದ!"

"ಎಂಥ ಮನುಷ್ಯನಾಗಿದ್ದ?"

"ಒಳ್ಳೆಯವನಾಗಿದ್ದ!"

ಎರಡು ಸಲವೂ ಮಾಂಬೆತ್‌ನ ತುಟಿ ಅಲುಗಲಿಲ್ಲ. ಮುಲ್ಲಾ ಮೂರನೆಯ ಸಲಕ್ಕೆ ಬಾಯಿ ತೆರೆಯುವಾಗ ಅವನು ಕೈ ಎತ್ತಿದ.

"ತಡಿ ಮುಲ್ಲಾ."

ಹಿರಿಯನೊಬ್ಬ ಅವನ ತೋಳು ಹಿಡಿದ. ಮಾಂಬೆತ್ ಕೊಡವಿಕೊಂಡ.

"ನಾನು ಎಂಟು ವರ್ಷ ಇವನ ಮುಖ ನೋಡಿಲ್ಲ. ಎದುರಿಗೆ ಬಂದ್ರೆ ರಸ್ತೆ ದಾಟಿದೀನಿ. ಒಂದು ಸಲ ಸಲಾಂ ಅಂದ, ಉಗಿದು ಹೋದೆ. ಇವನು ಎಂಥವನು ಅಂತ ನನ್ನನ್ನ ಕೇಳ್ಬೇಡ. ನನಗೆ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳಲೇ ಇಲ್ಲ." ಅವನು ಮಗನ ಕಡೆ ಕೈ ಮಾಡಿದ. "ನನ್ನ ಮಗನ್ನ ಕೇಳು."

ಎರ್ಮೆಕ್ ಮುಂದೆ ಬಂದ. ಟೈರಿನ ಕಪ್ಪು ಹತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ಹದಿನಾಲ್ಕು ಅನ್ನು ಅಂತ ಆ ಹುಡುಗನಿಗೆ ಹೇಳಿಕೊಟ್ಟೋನು ನಾನೇ ಅಪ್ಪ. ನಿನಗೆ ಹೇಳಿದ್ರೆ ಚರ್ಮ ಸುಲಿತೀಯ, ಹೇಳ್ಬೇಡ ಅಂದಿದ್ದ ಶಾರ್ಶೆನಣ್ಣ. ಆವತ್ತು ಬಂಡೆ ಕೆಳಗೆ, ನಾನು ನಿದ್ದೆಗೆ ಜಾರಿದ ಹಾಗೆಲ್ಲ ಕೆನ್ನೆ ತಟ್ಟಿ ಕೇಳೋನು, ನಿನ್ನ ಹೆಸರೇನೋ ಅಂತ. ಎರ್ಮೆಕ್ ಅಂತಿದ್ದೆ. ಇನ್ನ ಐದು ನಿಮಿಷಕ್ಕೆ ಮತ್ತೆ ಕೇಳೋನು. ಬೆಳಗಾಗೋ ತನಕ."

ಅವನು ಮುಲ್ಲಾನ ಕಡೆ ತಿರುಗಿದ.

"ಒಳ್ಳೆಯವನಾಗಿದ್ದ" ಎಂದ.

ಜನ ಮೂರನೆಯ ಸಲ ಹೇಳಿದರು. ಮುಲ್ಲಾ ಕೇಳಿರಲೇ ಇಲ್ಲ. ಆ ಗದ್ದಲದಲ್ಲಿ ಮಾಂಬೆತ್ ಹೇಳಿದನೋ ಇಲ್ಲವೋ ಬುರುಲ್‌ಗೆ ಕಾಣಲಿಲ್ಲ. ಅವನು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದ.

ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ಮುಂದಿನ ಬಲ ಮೂಲೆಗೆ ಎರ್ಮೆಕ್ ನಿಂತ. "ಗುಡ್ಡದ ಏರು ಕಣೋ, ನಿನ್ನ ಕಾಲಿಗೆ ಆಗಲ್ಲ, ಬಿಡು" ಎಂದು ಯಾರೋ ಅಂದರು. ಅವನು ಬಿಡಲಿಲ್ಲ.

ಮೆರವಣಿಗೆ ಗೇಟು ದಾಟಿ, ಬೀದಿ ದಾಟಿ, ಗೋರಿಗಳ ಗುಡ್ಡದ ದಾರಿ ಹಿಡಿಯಿತು. ಎಪ್ರಿಲ್ ತಿಂಗಳ ಕೆಸರು. ಹೆಂಗಸರು ಒಬ್ಬೊಬ್ಬರಾಗಿ ಹಂಡೆಯ ಕಡೆ ಹೋದರು. ಸೈರಾ ಗುಡಾರದೊಳಗೆ ಹೋದಳು. ಬುರುಲ್ ಒಬ್ಬಳೇ ಬಾಗಿಲಲ್ಲಿ ಉಳಿದಳು.

ಹತ್ತು ಹೆಜ್ಜೆಗೊಮ್ಮೆ ಹೊಸಬರು ಬಂದು ಹೆಗಲು ಬದಲಾಯಿಸುವುದು ರೂಢಿ. ಮೂರು ಮೂಲೆಗಳಲ್ಲಿ ಗಂಡಸರು ಬದಲಾಗುತ್ತಲೇ ಇದ್ದರು. ನಾಲ್ಕನೆಯ ಮೂಲೆಗೆ ಬಂದವರನ್ನು ಎರ್ಮೆಕ್ ಮೊಣಕೈಯಲ್ಲಿ ಸರಿಸುತ್ತಿದ್ದ. ಅವನು ಬಲಗಾಲು ಊರಿದಾಗಲೆಲ್ಲ ಚಟ್ಟದ ಆ ಮೂಲೆ ಒಂದು ಗೇಣು ಕೆಳಗಿಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಮೊದಮೊದಲು ಉಳಿದ ಮೂವರು ತಡವರಿಸಿದರು. ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಹೊತ್ತವರೆಲ್ಲ ಅವನ ಹೆಜ್ಜೆಗೇ ಹೆಜ್ಜೆ ಹಾಕುತ್ತಿದ್ದರು. ಬೂದು ಕಂಬಳಿ ಹೊದ್ದ ಶಾರ್ಶೆನ್ ಕುಂಟುತ್ತ ಕುಂಟುತ್ತ, ಎಲ್ಲರಿಗಿಂತ ಮುಂದಾಗಿ, ಗುಡ್ಡ ಹತ್ತಿ ಹೋದ.